ನನಗಿಟ್ಟ ಎಡೆ

ಫೋಟೋದ ಗಾಜಿಗೆ ಕುಂಕುಮ ಹಚ್ಚುವುದು ನನ್ನ ತಾಯಿಯ ಅಭ್ಯಾಸವಾಗಿತ್ತು. ನಾನು ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಕೃಷಿ ಪದವಿ ಓದುತ್ತಿದ್ದಾಗ, ಪರೀಕ್ಷೆಯ ಬೆಳಗ್ಗೆ ಮಗನ ಹಣೆ ಕೈಗೆಟುಕುವಂತಿರಲಿಲ್ಲವಾದ್ದರಿಂದ, ಮೈಸೂರಿನ ಮನೆಯ ಮಹಡಿ ಕೋಣೆಯಲ್ಲಿ ತೂಗುಹಾಕಿದ್ದ ನನ್ನ ಕಪ್ಪುಬಿಳುಪು ಭಾವಚಿತ್ರದ ಹಣೆಗೇ ಬೆರಳೊತ್ತಿ ಹರಸುತ್ತಿದ್ದಳು. ಪರೀಕ್ಷೆಗಳು ಹೆಚ್ಚಿದಂತೆ ಕುಂಕುಮವೂ ಪದರಗಟ್ಟಿತು. ಮುಂದೆ ನಾನು ನ್ಯೂಜಿಲೆಂಡಿಗೆ ಸಂಶೋಧನೆಗೆಂದು ಬಂದು, ಪಾಮರ್ಸ್ಟನ್ ನಾರ್ತ್‌ನಲ್ಲೇ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಶಾಸ್ತ್ರ ಹೇಳಿಕೊಡುವ ಮೇಷ್ಟರಾಗಿ ಬೇರೂರಿದೆ. ನಾನಿನ್ನೂ ಸಂಶೋಧನೆಯಲ್ಲಿದ್ದಾಗಲೇ ಅಮ್ಮ ಮನೆ ಮಾರಿ ದಾವಣಗೆರೆಯಲ್ಲಿದ್ದ ಅಕ್ಕನ ಜೊತೆ ಇರಲು ಹೋದಳು. ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಆ ಫೋಟೋವೂ ಅಟ್ಟದ ಮೇಲಿದ್ದ ನನ್ನ ಪುಸ್ತಕಗಳೂ ಅಲ್ಲೇ ಉಳಿದವು. ಫೋನಿನಲ್ಲಿ ಅವಳು ಪೇಚಾಡಿಕೊಂಡಾಗ, ‘ಹೋಗ್ಲಿ ಬಿಡಮ್ಮ, ಅಸಲು ಇಲ್ಲಿದೆಯಲ್ಲ’ ಎಂದು ನಕ್ಕಿದ್ದೆ. ಈಗ ಅಮ್ಮನೂ ಇಲ್ಲ.

ಗೆಳೆಯರೆ, ಬಿಟ್ಟುಬಂದ ಮನೆಯ ಬಗ್ಗೆ ನಾವೆಲ್ಲ ಆಗೀಗ ಯೋಚಿಸುತ್ತೇವೆ. ಬಿಟ್ಟುಬಂದ ನಮ್ಮ ಬಗ್ಗೆ ಯೋಚಿಸುವವರು ಕಡಿಮೆ. ಗೋಡೆಗೆ ಬೆನ್ನು ಕೊಟ್ಟು ನಿಂತ ಆ ಇಪ್ಪತ್ತರ ಹುಡುಗ, ಬಾಗಿಲು ಮುಚ್ಚಿದ ಮೇಲೆ ಏನಾದನೆಂದು ನಾನಂತೂ ಒಮ್ಮೆಯೂ ಕೇಳಿಕೊಂಡವನಲ್ಲ. ಉತ್ತರ ತಾನಾಗಿಯೇ ನನ್ನ ಮೇಜಿಗೆ ಬಂತು.

ಆನರ್ಸ್ ಎಂದರೆ ಇಲ್ಲಿ ಪದವಿಯ ಬೆನ್ನಿಗೇ ಬರುವ ಇನ್ನೊಂದು ವರ್ಷದ ಕಠಿಣ ಓದು. ನಮ್ಮಲ್ಲಿ ಸೀಟು ಕಡಿಮೆ, ಆಸೆಪಡುವವರು ಹೆಚ್ಚು. ಅಂಕಗಳಲ್ಲಿ ಎಲ್ಲರೂ ಒಂದೇ ಎತ್ತರದಲ್ಲಿ ನಿಂತಾಗ ಅವರನ್ನು ಬೇರ್ಪಡಿಸಲು ಎರಡು ಪ್ರಬಂಧ ಬರೆಸುತ್ತೇವೆ. ಚಳಿಗಾಲ ಮುಗಿಯುವ ಹೊತ್ತಿಗೆ ಅವು ಹೆಸರು ಅಳಿಸಿಕೊಂಡು, ಒಂದೊಂದು ಸಂಖ್ಯೆ ಹೊತ್ತು ನಮ್ಮ ಬಳಿ ಬರುತ್ತವೆ. ಮಕ್ಕಳು ತಮ್ಮ ಬಗ್ಗೆ ಬರೆದುಕೊಳ್ಳುವುದನ್ನು ಓದುವುದು ಸುಖದ ಕೆಲಸವೇನಲ್ಲ. ಸೋಲನ್ನು ಬರೆಯಿರೆಂದರೂ ಅದಕ್ಕೊಂದು ಪದಕ ತೊಡಿಸಿಯೇ ಕಳಿಸುತ್ತಾರೆ. ಈ ಸಲ ಮೊದಲನೆಯ ಪ್ರಶ್ನೆ, ಎಂದೂ ಭೇಟಿಯಾಗದಿದ್ದರೂ ನಿಮ್ಮನ್ನು ರೂಪಿಸಿದ ಒಬ್ಬರ ಕುರಿತು ಬರೆಯಿರಿ ಎಂದಿತ್ತು. ಹಲವರು ಮುತ್ತಜ್ಜಂದಿರನ್ನು ಕರೆತಂದಿದ್ದರು. ಒಬ್ಬ ತನ್ನ ತಾತನ ಕುದುರೆಯ ಬಗ್ಗೆ ಬರೆದಿದ್ದ, ಅದೇ ಚೆನ್ನಾಗಿತ್ತು.

ಆಮೇಲೆ ಆ ಪ್ರಬಂಧ ಸಿಕ್ಕಿತು. ಬರೆದವಳು ಮೈಸೂರಿನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಆಕ್ಲೆಂಡಿನ ದಕ್ಷಿಣಕ್ಕಿರುವ ಪಾಪಕುರಾಕ್ಕೆ ಬಂದು ಬೆಳೆದ ಹುಡುಗಿ. ಅವಳ ಮನೆಯವರು ಮೈಸೂರಿನಲ್ಲಿ ಬಾಡಿಗೆಗೆ ಹಿಡಿದ ಮನೆಯ ಮಹಡಿಯಲ್ಲಿ ಮೊದಲೇ ಒಬ್ಬ ಇದ್ದನಂತೆ. ಕಿಟಕಿಯ ಒಂದು ಸರಳು ಬಾಗಿದ ಕೋಣೆ, ದಕ್ಷಿಣದ ಗೋಡೆ, ಅಲ್ಲೊಂದು ಕಪ್ಪುಬಿಳುಪು ಫೋಟೋ, ಹುಬ್ಬಿನ ಮೇಲೆ ಗಾಯದ ಗುರುತಿದ್ದ ಹುಡುಗ, ಗಾಜಿನ ಮೇಲೆ ಒಣಗಿ ಗಟ್ಟಿಯಾದ ಕುಂಕುಮ. ಆ ಸರಳನ್ನು ಬಾಗಿಸಿದವನು ನಾನು. ಓದುತ್ತಿದ್ದಂತೆ ಕೈ ತನ್ನಷ್ಟಕ್ಕೆ ತಾನೇ ನನ್ನ ಹುಬ್ಬಿನತ್ತ ಹೋಯಿತು.

ಕುಂಕುಮ ಹಚ್ಚಿದ ಹರೆಯದ ಹುಡುಗನ ಫೋಟೋವನ್ನು ಒಂಟಿಯಾಗಿ ಬಿಟ್ಟುಹೋಗಿದ್ದಾರೆಂದರೆ ನೀವಾದರೂ ಏನು ತಿಳಿಯುತ್ತೀರಿ? ಅವರೂ ಅದನ್ನೇ ತಿಳಿದರು. ನೋಡಲಾರದೆ ಬಿಟ್ಟುಹೋಗಿರಬೇಕು, ಕೇಳಿದರೆ ಹೆತ್ತ ಹೊಟ್ಟೆಗೆ ಬೆಂಕಿ ಇಟ್ಟಂತಾಗುತ್ತದೆ ಎಂದು ಯಾರನ್ನೂ ವಿಚಾರಿಸಲಿಲ್ಲ. ಅಟ್ಟದಲ್ಲಿದ್ದ ಮಣ್ಣಿನ ಶಾಸ್ತ್ರದ ಪುಸ್ತಕಗಳಲ್ಲಿ ಹೆಸರಿನ ಪುಟವನ್ನು ಗೆದ್ದಲು ತಿಂದಿತ್ತು. ಹುಡುಗಿಯ ಅಜ್ಜಿಗೆ ಮಾತ್ರ ಮನಸ್ಸು ತಡೆಯಲಿಲ್ಲ. ಮಹಾಲಯ ಅಮಾವಾಸ್ಯೆಯಂದು ತಮ್ಮ ಹಿರಿಯರಿಗೆ ಎಡೆ ಇಡುವಾಗ, ಪಕ್ಕದಲ್ಲಿ ಇನ್ನೊಂದು ಸಣ್ಣ ಎಲೆ ಹಾಕಿ ‘ಫೋಟೋ ಮಾಮ’ನಿಗೂ ಬಡಿಸತೊಡಗಿದಳು. ಹುಡುಗ ಬೇರೆ, ಏನಿಷ್ಟವೋ ಎಂದು ಯೋಚಿಸಿ, ಪಾಯಸ ವಡೆಗಳ ಜೊತೆ ಕೋಡುಬಳೆಯನ್ನೂ ಇಟ್ಟಳು. ನಿಜ ಹೇಳಬೇಕೆಂದರೆ ನನಗೆ ಕೋಡುಬಳೆ ಅಷ್ಟಕ್ಕಷ್ಟೆ.

ಹಿರಿಯರ ಎಡೆಯನ್ನು ಕಾಗೆಗಳು ಬಂದು ಮುಟ್ಟಿದವು. ಸಣ್ಣ ಎಲೆಯ ಹತ್ತಿರ ಒಂದೂ ಸುಳಿಯಲಿಲ್ಲ. ಮರುವರ್ಷವೂ ಅಷ್ಟೆ. ಬದುಕಿರುವವನ ಎಡೆಯನ್ನು ಕಾಗೆ ಏಕೆ ಮುಟ್ಟೀತು ಎಂದು ಓದುತ್ತಿದ್ದ ನಾನು ಸ್ವಲ್ಪ ಧೈರ್ಯ ತಂದುಕೊಂಡೆ. ಆದರೆ ಅಜ್ಜಿಯ ಲೆಕ್ಕವೇ ಬೇರೆ. ತೀರದ ಆಸೆಯೊಂದು ಉಳಿದಿದ್ದರೆ ಕಾಗೆ ಬರುವುದಿಲ್ಲ, ಅದನ್ನು ತೀರಿಸುತ್ತೇವೆಂದು ಬಾಯಿಬಿಟ್ಟು ಮಾತು ಕೊಡಬೇಕು. ಆ ಹುಡುಗನಿಗೆ ಉಳಿದಿರಬಹುದಾದ ಆಸೆ, ಅಟ್ಟದ ಪುಸ್ತಕಗಳನ್ನು ನೋಡಿದರೆ, ಓದಲ್ಲದೆ ಇನ್ನೇನು? ಏಳು ವರ್ಷದ ಮೊಮ್ಮಗಳನ್ನು ಎಲೆಯ ಮುಂದೆ ನಿಲ್ಲಿಸಿ, ‘ನಿನ್ನ ಓದನ್ನ ನಮ್ಮ ಸಿಂಚನಾ ಮುಗಿಸ್ತಾಳೆ ಕಣಪ್ಪಾ, ಬಂದು ಉಣ್ಣು’ ಎಂದಳು. ಕಾಗೆ ಬಂತು. ಎಲೆ ಖಾಲಿಯಾಗುವವರೆಗೂ ತಿಂದಿತು.

ಅವಳಿಗೆ ಏಳು ವರ್ಷವಾಗಿದ್ದ ಆ ಕಾಲದಲ್ಲೇ ನಾನು ಇಲ್ಲಿ ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟು ಪೆಟ್ಟಿಗೆ ಕಟ್ಟಿದ್ದೆ. ಒಂದು ದಿನ, ಏಕೆಂದು ಇಂದಿಗೂ ಗೊತ್ತಿಲ್ಲ, ಪೆಟ್ಟಿಗೆ ಬಿಚ್ಚಿ ಮತ್ತೆ ಬರೆಯಲು ಕೂತವನು ಮುಗಿಸಿಯೇ ಎದ್ದೆ. ಯಾವ ತಿಂಗಳು, ಯಾವ ದಿನವೆಂದು ಪಂಚಾಂಗ ತೆರೆದು ನೋಡಬಹುದಿತ್ತು. ನೋಡಲು ನನಗೆ ಭಯವಾಯಿತು.

ಪ್ರಬಂಧ ಅಲ್ಲಿಗೆ ಮುಗಿದಿರಲಿಲ್ಲ. ನ್ಯೂಜಿಲೆಂಡಿಗೆ ಬರುವಾಗ, ಹಿರಿಯರನ್ನು ಬಿಟ್ಟು ಬರಬಾರದೆಂದು ಅಜ್ಜಿ ಫೋಟೋವನ್ನು ಸೀರೆಗಳ ನಡುವೆ ಸುತ್ತಿ ತಂದಿದ್ದಳಂತೆ. ಹೆತ್ತವಳು ಮರೆತದ್ದನ್ನು ಈ ಮುದುಕಿ ಕಡಲು ದಾಟಿಸಿದ್ದಳು. ಇಲ್ಲಿ ನಮ್ಮೂರ ಕಾಗೆಗಳಿಲ್ಲ. ಹಿತ್ತಲಿನ ಎಡೆಗೆ ಈ ವರ್ಷ ಯಾವ ಹಕ್ಕಿ ಬರುತ್ತದೆಂದು ಕಾಯುತ್ತ ಕೂತ ಹುಡುಗಿ, ಮೈನಾ, ಕಡಲಹಕ್ಕಿ, ಕೊರಳಲ್ಲಿ ಬಿಳಿ ಗೊಂಡೆಯಿರುವ ಟೂಯಿ, ಎಲ್ಲವುಗಳ ನಡೆನುಡಿ ಕಲಿತುಬಿಟ್ಟಿದ್ದಳು. ಹಕ್ಕಿಗಳ ಕುರಿತ ಆ ಪುಟದಲ್ಲಿ ಮಾತುಗಳಿಗೆ ಜೀವವಿತ್ತು. ಎರಡನೆಯ ಪ್ರಬಂಧ, ಮಣ್ಣಿನ ಶಾಸ್ತ್ರವನ್ನೇ ಏಕೆ ಆರಿಸಿದಿರಿ ಎಂಬುದಕ್ಕೆ ಉತ್ತರ, ಸಪ್ಪೆಯಾಗಿತ್ತು. ಅದರಲ್ಲಿ ನಿಜವೆನಿಸಿದ್ದು ಕೊನೆಯ ಸಾಲೊಂದೇ. ‘ಕೊಟ್ಟ ಮಾತಿಗಾಗಿ’ ಎಂದು ಬರೆದಿದ್ದಳು.

ಅಭ್ಯರ್ಥಿ ಪರಿಚಿತರಾಗಿದ್ದರೆ ಅಂಕ ಕೊಡದೆ ಹಿಂದೆ ಸರಿಯಬೇಕೆಂಬುದು ನಮ್ಮ ನಿಯಮ. ಆಯ್ಕೆ ಸಮಿತಿಯ ಹಿರಿಯಳಾದ ಜೂಡಿತ್ ಬಳಿ ಹೋದೆ.

‘ನಿನಗೆ ಪರಿಚಯದವರೇ?’ ಎಂದಳು.

‘ನಾವು ಭೇಟಿಯಾಗಿಲ್ಲ. ಆದರೆ ನಾನು ಸತ್ತಿದ್ದೇನೆಂದು ಅವಳಿಗೆ ಗೊತ್ತು.’

ಜೂಡಿತ್ ಕನ್ನಡಕ ತೆಗೆದು ನನ್ನನ್ನು ಒಂದು ಗಳಿಗೆ ನೋಡಿ, ‘ಹಾಗಿದ್ದರೆ ನೀನು ಅಂಕ ಕೊಡದಿರುವುದೇ ಒಳ್ಳೆಯದು’ ಎಂದು ಕಾಗದಗಳನ್ನು ತನ್ನತ್ತ ಎಳೆದುಕೊಂಡಳು. ಮನೆಯಲ್ಲಿ ನನ್ನ ಹೆಂಡತಿ ಶೈಲಾ ಕಥೆಯೆಲ್ಲ ಕೇಳಿ, ‘ಅದಕ್ಕೇ ಭಾನುವಾರ ಎಷ್ಟು ಕರೆದ್ರೂ ಏಳಲ್ಲ ನೀವು’ ಎಂದಳು. ನಕ್ಕೆವು. ಆದರೆ ಮಲಗುವ ಮುನ್ನ ಅವಳು ನನ್ನ ಮಣಿಕಟ್ಟು ಹಿಡಿದು ನಾಡಿ ನೋಡಿದ್ದು ನನಗೆ ತಿಳಿಯಿತು.

ನನ್ನ ಕೈ ಸೋಂಕದೆಯೇ ಹುಡುಗಿ ಆಯ್ಕೆಯಾದಳು. ಆಯ್ಕೆಯಾದವರು ಬಂದು ವಿಭಾಗಗಳನ್ನು ನೋಡಿ, ಯಾವ ವಿಷಯವೆಂದು ತಿಂಗಳೊಳಗೆ ಖಚಿತಪಡಿಸಬೇಕು. ಆ ದಿನ ಕ್ಯಾಂಪಸ್ಸಿನ ಕೆಫೆಯಲ್ಲಿ ಅವಳೆದುರು ಕೂತು, ಸುತ್ತುಬಳಸದೆ, ನಾನು ಯಾರೆಂದು ಹೇಳಿದೆ. ಸಿಂಚನಾ ಕಿರುಚಲಿಲ್ಲ. ಮೊದಲು ಹುಬ್ಬನ್ನು ನೋಡಿದಳು, ಆಮೇಲೆ ಬೋಳಾದ ತಲೆಯನ್ನು. ಕೈ ಚಾಚಿ ನನ್ನ ಕೈ ಕುಲುಕಿದಳು. ಬಿಟ್ಟವಳು ಮತ್ತೊಮ್ಮೆ ಹಿಡಿದು, ಬಿಸಿ ಇದೆಯೇ ಎಂದು ನೋಡುವಂತೆ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಳು.

‘ನಿಮ್ಮ ಓದು ಮುಗೀತಾ ಅಂಕಲ್?’ ಎಂದು ಕೇಳಿದಳು.

‘ಎಂದೋ ಮುಗೀತಮ್ಮ. ನಿನಗೆ ಹಕ್ಕಿಗಳ ಬಗ್ಗೆ ಓದಬೇಕು ಅಂತಿದೆ ಅಲ್ವಾ? ಅದನ್ನೇ ಬರೆದುಕೊಡು.’

‘ನಂಗೆ ಹೇಳಿದ್ರೆ ಏನು ಯೂಸ್ ಅಂಕಲ್? ಅಜ್ಜಿ ಮಾತು ಕೊಟ್ಟಿರೋದು ಫೋಟೋ ಮಾಮಂಗೆ. ನಾನು ಸಬ್ಜೆಕ್ಟ್ ಚೇಂಜ್ ಮಾಡಿದ್ರೆ ಅಜ್ಜಿ ಊಟ ಬಿಡ್ತಾರೆ, ಐ ನೋ ಹರ್. ಎಂಬತ್ತೆರಡು ವರ್ಷ ಅವ್ರಿಗೆ.’ ಕಪ್ಪಿನ ಅಂಚನ್ನು ಉಗುರಿನಿಂದ ಕೆರೆಯುತ್ತ, ‘ಮಹಾಲಯಕ್ಕೆ ನೀವು ಮನೆಗೆ ಬರ್ತೀರಾ?’ ಎಂದಳು.

ಬದುಕಿರುವುದನ್ನು ತೋರಿಸಿ ಬರುವುದು ಎಷ್ಟು ಹೊತ್ತಿನ ಕೆಲಸ ಎಂದುಕೊಂಡು ಹೊರಟೆ. ಪಾಪಕುರಾ ತಲುಪುವ ಹಾದಿಯುದ್ದಕ್ಕೂ ಹೇಳಬೇಕಾದ ಮಾತನ್ನು ಕಂಠಪಾಠ ಮಾಡಿದ್ದೆ. ಅಮ್ಮ, ನಾನು ಸತ್ತಿಲ್ಲ, ನೀವು ಅಂದುಕೊಂಡದ್ದು ತಪ್ಪು, ಮಗುವನ್ನು ಅವಳ ಪಾಡಿಗೆ ಬಿಡಿ. ತನ್ನನ್ನು ತಾನು ಪರಿಚಯಿಸಿಕೊಳ್ಳುವ ಪ್ರಬಂಧಗಳನ್ನು ಇಷ್ಟು ವರ್ಷ ಅಳೆದು ತೂಗಿದವನಿಗೆ, ನಾನಿದ್ದೇನೆ ಎಂಬ ಒಂದು ವಾಕ್ಯವನ್ನು ಹೊಂದಿಸುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಮನುಷ್ಯ ಇದ್ದಾನೆನ್ನುವುದಕ್ಕೆ ಅವನ ಮಾತೊಂದೇ ಸಾಕ್ಷಿಯೇ? ಹದಿನೈದು ವರ್ಷ ಒಂದು ಮನೆಯವರು ನಂಬಿ, ಉಣಿಸಿ, ಪರೀಕ್ಷೆಗೆ ಮುಂಚೆ ಕೈಮುಗಿದ ಆ ಹುಡುಗನ ಎದುರು, ತಿಂಗಳ ಸಂಬಳಕ್ಕೆ ಪಾಠ ಹೇಳುವ ನಾನು ನಿಜಕ್ಕೂ ಹೆಚ್ಚು ಇರುವವನೇ? ಕಾರಿನ ಕನ್ನಡಿಯನ್ನು ಸರಿಪಡಿಸುವ ನೆಪದಲ್ಲಿ ಮುಖ ನೋಡಿಕೊಂಡೆ.

ಮಧ್ಯಾಹ್ನ. ಸಿಂಚನಾಳ ತಾಯಿ ಬಾಗಿಲು ತೆರೆದು ‘ಬನ್ನಿ ಸರ್’ ಎಂದರು. ಯೂನಿವರ್ಸಿಟಿಯ ಅಂಕಲ್ ಬರುತ್ತಾರೆಂದಷ್ಟೇ ಅವರಿಗೆ ಗೊತ್ತಿತ್ತು. ಊಟದ ಕೋಣೆಯಲ್ಲಿ ಎಲೆಗಳನ್ನು ಹಾಕಿತ್ತು. ದಕ್ಷಿಣದ ಗೋಡೆಯಲ್ಲಿ ನಾನಿದ್ದೆ, ಕೂದಲು ತುಂಬಿದ ತಲೆ, ಕೆಂಪು ಹಣೆ. ಅದರ ಕೆಳಗೆ ನಿಂತಿದ್ದ ಅಜ್ಜಿ ತಿರುಗಿ ನನ್ನನ್ನು ನೋಡಿದಳು, ಗೋಡೆಯನ್ನು ನೋಡಿದಳು. ಅಚ್ಚರಿಯ ಗೆರೆಯೊಂದೂ ಮುಖದಲ್ಲಿ ಮೂಡಲಿಲ್ಲ.

‘ಬಂದ್ಯಾ ಮಗ’ ಎಂದಳು. ‘ಬರ್ತೀಯ ಅಂತ ಗೊತ್ತಿತ್ತು. ಕೂತ್ಕೋ.’

ಸತ್ತವರು ಬರುವ ದಿನ ಸತ್ತವನು ಬಂದಿದ್ದ. ಅವಳಿಗೆ ಅದರಲ್ಲಿ ವಿಚಿತ್ರವೇನೂ ಇರಲಿಲ್ಲ. ಕಂಠಪಾಠ ಮಾಡಿದ ವಾಕ್ಯ ಗಂಟಲಿಗೆ ಬಂತು. ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಸಿಂಚನಾಳ ಮುಖ ಕಂಡಿತು. ಬದುಕಿರುವವನ ಮಾತಿಗೆ ಈ ಮನೆಯಲ್ಲಿ ಬೆಲೆಯಿಲ್ಲ, ಅವಳನ್ನು ಬಿಡಿಸುವ ಅಧಿಕಾರವಿರುವುದು ಗೋಡೆಯ ಮೇಲಿನವನಿಗೆ ಮಾತ್ರ ಎಂದು ಆಗ ಹೊಳೆಯಿತು. ನಾನು ವಾಕ್ಯವನ್ನು ನುಂಗಿಕೊಂಡು ಸಣ್ಣ ಎಲೆಯ ಮುಂದೆ ಕೂತೆ.

ಅಜ್ಜಿ ಬಡಿಸಿದಳು. ಪಾಯಸ, ವಡೆ, ಕೊನೆಗೆ ಕೋಡುಬಳೆ. ಹಿತ್ತಲಲ್ಲಿ ಟೂಯಿ ಕೂಗುತ್ತಿದ್ದುದು ನಾನು ಕೂತ ಮೇಲೆ ನಿಂತಿತು. ಎಲೆ ಖಾಲಿಯಾಗುವವರೆಗೂ ತಿಂದೆ. ಕೈಗಳು ತಣ್ಣಗಾಗುತ್ತಿದ್ದವು, ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ.

‘ತೃಪ್ತಿ ಆಯ್ತಾ ಮಗ?’

‘ಆಯ್ತಮ್ಮ. ನನ್ನ ಓದು ಮುಗೀತು. ಇನ್ನು ಅವಳ ಓದು ಅವಳೇ ಓದಲಿ.’

ಅಜ್ಜಿ ತಲೆದೂಗಿದಳು. ಸಿಂಚನಾ ಮುಖ ಮುಚ್ಚಿಕೊಂಡು ಅಡುಗೆಮನೆಯತ್ತ ಹೋದಳು. ಅವಳು ಅಳುತ್ತಿದ್ದುದು ಕೇಳಿಸಿತು, ಅದು ದುಃಖದ ಅಳುವಲ್ಲ. ನಾನು ಕೈ ತೊಳೆದು ಬಾಗಿಲಿಗೆ ಬಂದು, ಚಪ್ಪಲಿ ಮೆಟ್ಟಿಕೊಂಡು, ಸ್ವಲ್ಪ ತಡೆದು ನಿಂತೆ. ಹೊರಡುವವರಿಗೆ ನಮ್ಮಲ್ಲಿ ಯಾರೂ ಹೋಗು ಎನ್ನುವುದಿಲ್ಲ, ಹೋಗಿ ಬಾ ಎನ್ನುತ್ತಾರೆ. ಸಾಲ ಕೇಳಲು ಬಂದವನಿಗೂ ಅಷ್ಟು ಹೇಳಿ ಕಳಿಸುತ್ತಾರೆ. ಆ ಮಾತಿಗಾಗಿ ನಾನು ಕಾಯುತ್ತಿದ್ದೆ.

ಅಜ್ಜಿ ಹೊಸ್ತಿಲ ಒಳಗೇ ನಿಂತು ನನ್ನ ಕೆನ್ನೆ ಸವರಿದಳು.

‘ಹೋಗಪ್ಪ’ ಎಂದಳು. ‘ಇನ್ನು ಬರಬೇಡ.’