ಬೇವಿನ ಸೊಪ್ಪು ಮತ್ತು ಭಾನುವಾರದ ಕ್ಲಾಸು

ಹನ್ನೊಂದು ದಿನ ನನ್ನ ಭಾವ ಮಾತ್ರೆ ನುಂಗಲಿಲ್ಲ. ಶೀತ ನೆಗಡಿಯ ಮಾತ್ರೆಯಲ್ಲ, ಕ್ಯಾನ್ಸರ್ ಮಾತ್ರೆ. ನಿಲ್ಲಿಸಿ ಅಂತ ಮನೆಯವರಿಗೆ ಹೇಳಿದವನು ನಾನೇ.

ಹೋದ ವರ್ಷದ ಮಾತು. ಇಷ್ಟು ದಿನ ಬರೆಯಲು ಧೈರ್ಯ ಬಂದಿರಲಿಲ್ಲ. ಕಳೆದ ಭಾನುವಾರ ಜಯನಗರದಲ್ಲಿ ನಡೆದದ್ದರ ಮೇಲೆ ಸುಮ್ಮನಿರಲೂ ಆಗುತ್ತಿಲ್ಲ.

ಹನುಮಂತನಗರದ ನಮ್ಮ ಭಾವನನ್ನು ಇಡೀ ಬೀದಿ ಡ್ರಿಲ್ ಮೇಷ್ಟ್ರು ಅಂತಲೇ ಕರೆಯುತ್ತಿತ್ತು. ರಿಟೈರ್ ಆದ ಮೇಲೂ ಬೆಳಿಗ್ಗೆ ಗುಡ್ಡದ ಮೆಟ್ಟಿಲು ಹತ್ತಿ ಇಳಿಯದೆ ಅವರು ಕಾಫಿ ಮುಟ್ಟುತ್ತಿರಲಿಲ್ಲ. ಬೀಡಿ, ಸಿಗರೇಟು ಅಂದರೆ ಉರಿದು ಬೀಳುತ್ತಿದ್ದರು. ಅಂಥವರಿಗೆ ಶ್ವಾಸಕೋಶದ ಕ್ಯಾನ್ಸರ್. ಯಾಕೆ ಅಂತ ಕೇಳಿದರೆ ಡಾಕ್ಟರೂ ಸುಮ್ಮನೆ ತಲೆ ಅಲ್ಲಾಡಿಸಿದರು.

ಮೊದಲು ಡ್ರಿಪ್ಪಿನಲ್ಲಿ ಕೀಮೋ ಕೊಟ್ಟರು. ಕೂದಲು ಉದುರಿತು, ವಾಂತಿಯಾಯಿತು. ನಾವು ಹೆದರಲಿಲ್ಲ. ಹೀಗೆಲ್ಲ ಆಗುತ್ತದೆ ಅಂತ ವಾರ್ಡಿನ ಸಿಸ್ಟರ್‌ಗಳು ಮೊದಲೇ ಕೂರಿಸಿಕೊಂಡು ಹೇಳಿದ್ದರು. ಕಾಯಿಲೆ ಅದಕ್ಕೆ ಬಗ್ಗದಿದ್ದಾಗ ಡಾಕ್ಟರು ಹೊಸ ಮಾತ್ರೆ ಬರೆದುಕೊಟ್ಟರು. ಟಾರ್ಗೆಟೆಡ್ ಥೆರಪಿಯಂತೆ. ಕೀಮೋ ಹಾಗೆ ಕಂಡದ್ದನ್ನೆಲ್ಲ ಹೊಡೆಯದೆ ಗುರಿಯಿಟ್ಟು ಹೊಡೆಯುತ್ತದಂತೆ. ದಿನಕ್ಕೊಂದು, ಖಾಲಿ ಹೊಟ್ಟೆಗೆ. ಅಡ್ಮಿಟ್ ಆಗುವುದು ಬೇಡ, ಸೂಜಿ ಬೇಡ, ಮನೆಯಲ್ಲೇ ನುಂಗಿದರಾಯಿತು. (ಅಂದರೆ ಪಕ್ಕದಲ್ಲಿ ಸಿಸ್ಟರ್ ಕೂಡ ಇರುವುದಿಲ್ಲ. ಅದು ನಮಗೆ ಆಗ ಹೊಳೆಯಲಿಲ್ಲ.)

ಹತ್ತನೆಯ ದಿನ ಭಾವನ ಮುಖದ ತುಂಬ ಗುಳ್ಳೆ. ಹಣೆ, ಮೂಗಿನ ಪಕ್ಕ, ಎದೆ, ಬೆನ್ನು. ಅಕ್ಕ ನೋಡಿದವಳೇ ಕೈಮುಗಿದಳು.

"ಅಮ್ಮ ಆಗಿದೆ ಕಣೋ. ಇವ್ರಿಗೆ ಚಿಕ್ಕವ್ರಿದ್ದಾಗ ಆಗಿರ್ಲಿಲ್ವಂತೆ."

ಅಮ್ಮ ಆದ ಮನೆಯ ಕಟ್ಟಳೆ ನಿಮಗೆ ಗೊತ್ತು. ಬಾಗಿಲಿಗೆ ಬೇವು, ಹಾಸಿಗೆಗೆ ಬೇವು. ಒಗ್ಗರಣೆ ಹಾಕುವಂತಿಲ್ಲ, ಗಡ್ಡ ತೆಗೆಯುವಂತಿಲ್ಲ. ಔಷಧಿಯಂತೂ ಕೂಡದೇ ಕೂಡದು. ತಾನಾಗಿ ಬಂದ ತಾಯಿ ತಾನಾಗಿಯೇ ಇಳಿದು ಹೋಗಬೇಕು.

ನಾನು ಓದಿದವನು ತಾನೆ? ಆಸ್ಪತ್ರೆಗೆ ಫೋನ್ ಮಾಡಿದೆ. ಡಾಕ್ಟರು ಊರಲ್ಲಿರಲಿಲ್ಲ. ಡೇ ಕೇರ್ ವಾರ್ಡಿನಲ್ಲಿ ಯಾವುದೋ ಎಳೆಯ ದನಿ.

"ಸಾರ್, ಆ ಮಾತ್ರೆ ಬಗ್ಗೆ ನಂಗೆ ಅಷ್ಟು ಗೊತ್ತಿಲ್ಲ. ಅಲರ್ಜಿ ಇರ್ಬೋದೇನೋ. ಇವತ್ತು ಕೊಡ್ಬೇಡಿ. ನಾಳೆ ಡಾಕ್ಟ್ರು ಬರ್ತಾರೆ, ಮತ್ತೆ ಫೋನ್ ಮಾಡಿ."

ರಿಸೀವರ್ ಇಟ್ಟು ಅಕ್ಕನ ಕಡೆ ತಿರುಗಿದೆ. "ಆಸ್ಪತ್ರೆಯವ್ರೇ ನಿಲ್ಸಿ ಅಂದ್ರು ಕಣೆ."

ಅಕ್ಕನ ಮುಖದಲ್ಲಿ ಎಂಥ ನಿರಾಳ! ದೇವಿಯೂ ಆಸ್ಪತ್ರೆಯೂ ಒಂದೇ ಮಾತು ಹೇಳಿದ ಮೇಲೆ ಇನ್ನೇನು? ನಾನು ಸ್ಕೂಟರ್ ಹತ್ತಿ ಹೊಸಕೆರೆಹಳ್ಳಿ ಕಡೆ ಹೋಗಿ ಒಂದು ಹೊರೆ ಬೇವಿನ ಸೊಪ್ಪು ತಂದೆ. (ಇದೇ ಅಂಕಣದಲ್ಲಿ ನಾನು ಒಮ್ಮೆ ಬೇವನ್ನು ಹಾಡಿ ಹೊಗಳಿದ್ದು ನಿಮಗೆ ನೆನಪಿರಬಹುದು. ದಯವಿಟ್ಟು ಮರೆತುಬಿಡಿ.)

ನಾಲ್ಕೈದು ದಿನಕ್ಕೆ ಗುಳ್ಳೆ ಬಾಡಲು ಶುರುವಾಯಿತು. ಎಂಟನೆಯ ದಿನಕ್ಕೆ ಮುಖ ಹೆಚ್ಚುಕಡಿಮೆ ತಿಳಿಯಾಯಿತು. ಮಾರಮ್ಮನ ಗುಡಿಗೆ ಮೊಸರನ್ನದ ನೈವೇದ್ಯ ಹೋಯಿತು. ನಾವೆಲ್ಲ ಹಿಗ್ಗಿದೆವು. ಭಾವ ಮಾತ್ರ ಒಮ್ಮೆ ಮೆಲ್ಲಗೆ, "ಆ ಮಾತ್ರೆ ತಗೋತಿದ್ದಾಗ ಉಸಿರು ಸ್ವಲ್ಪ ಹಗುರ ಆಗಿತ್ತು ಕಣಯ್ಯಾ" ಅಂದರು. ನಾನು, "ಮೊದ್ಲು ಇದು ಪೂರ್ತಿ ವಾಸಿಯಾಗ್ಲಿ ಭಾವ" ಅಂದೆ. ಅವರು ಮತ್ತೆ ಆ ಮಾತೆತ್ತಲಿಲ್ಲ.

ಹನ್ನೊಂದನೆಯ ದಿನ ಆಸ್ಪತ್ರೆಯಲ್ಲಿ ಮೊದಲೇ ಗೊತ್ತು ಮಾಡಿದ ಚೆಕಪ್ ಇತ್ತು. ತೂಕ ನೋಡಲು ಬಂದವರು ಸಿಸ್ಟರ್ ಮಹಾದೇವಿ. ಬಾಗಲಕೋಟೆ ಕಡೆಯವರು, ಬಿಟಿಎಂ ಲೇಔಟಿನಲ್ಲಿ ಇನ್ನಿಬ್ಬರು ನರ್ಸ್‌ಗಳ ಜೊತೆ ಬಾಡಿಗೆ ಮನೆಯಲ್ಲಿದ್ದರು. ಭಾವನ ಕೆನ್ನೆಯ ಮೇಲೆ ಉಳಿದಿದ್ದ ಕಲೆಗಳನ್ನು ಬಗ್ಗಿ ನೋಡಿದರು.

"ಯಜಮಾನ್ರ, ಇದು ಏನಾಗಿತ್ರಿ?"

ಅಕ್ಕ ಹೆಮ್ಮೆಯಿಂದಲೇ ಹೇಳಿದಳು. ಅಮ್ಮ ಆಗಿದ್ದು, ಬೇವು ಹಾಕಿದ್ದು, ಇಳಿದದ್ದು.

"ಗುಳಿಗಿ ಚಾಲೂ ಮಾಡಿ ಎಷ್ಟ್ ದಿನಕ್ಕ ಎದ್ವುರಿ ಗುಳ್ಳಿ?"

"ಹತ್ತು ದಿನಕ್ಕೆ."

"ಈಗ ಗುಳಿಗಿ ನುಂಗಾಕತ್ತೀರಿಲ್ಲೋ?"

ಅಕ್ಕ ನನ್ನ ಮುಖ ನೋಡಿದಳು. ಮಹಾದೇವಿಯ ಮುಖ ಬಿಳುಚಿಕೊಂಡದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

"ಇದು ಅಮ್ಮ ಅಲ್ರೀ ಅಕ್ಕಾರ. ಗುಳಿಗಿಯಿಂದ ಎದ್ದಿದ್ದು. ಕ್ಯಾನ್ಸರ್ ಗಡ್ಡಿ ಬೆಳೀಲಿಕ್ಕ ಒಂದು ಸಿಗ್ನಲ್ ಬೇಕಲ್ರಿ, ಅದನ್ನ ಈ ಗುಳಿಗಿ ಬಂದ್ ಮಾಡ್ತೈತಿ. ಅದೇ ಸಿಗ್ನಲ್ ಚರ್ಮಕ್ಕೂ ಬೇಕು. ಅದಕ್ಕ ಹಿಂಗ ಗುಳ್ಳಿ ಏಳ್ತಾವ. ಭಾಳ ಮಂದಿಗೆ ಆಗ್ತೈತ್ರಿ."

"ಮತ್ತೆ ಬೇವು ಹಾಕಿದ್ಮೇಲೆ ಇಳೀತಲ್ಲಮ್ಮ?"

"ಗುಳಿಗಿ ಬಿಟ್ಟಿದ್ದಕ್ಕ ಇಳೀತ್ರಿ."

ಅಕ್ಕ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತಳು. ಭಾವ ಅವಳ ಬೆನ್ನು ಸವರಿದರು. ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡುತ್ತ ನಿಂತೆ.

ಡಾಕ್ಟರು ಪರೀಕ್ಷೆ ಮಾಡಿ ಅದನ್ನೇ ಹೇಳಿದರು. ಮುಲಾಮು ಬರೆದುಕೊಟ್ಟು ಮತ್ತೆ ಮಾತ್ರೆ ಶುರು ಮಾಡಿಸಿದರು. ಗುಳ್ಳೆ ಮತ್ತೆ ಎದ್ದವು. ಅಕ್ಕ ಈ ಸಲ ಕೈಮುಗಿಯಲಿಲ್ಲ, ಮುಲಾಮು ಹಚ್ಚಿದಳು. ಭಾವನ ಉಸಿರು ಮತ್ತೆ ಹಗುರವಾಯಿತು. ಒಂದು ಬೆಳಿಗ್ಗೆ ನನ್ನ ಕೈಹಿಡಿದು ಗುಡ್ಡದ ಅರ್ಧ ಮೆಟ್ಟಿಲು ಹತ್ತಿ, ಕೂತು, ಊರು ನೋಡಿ ಇಳಿದರು. ಏಳು ತಿಂಗಳಾದ ಮೇಲೆ ಹೋಗಿಬಿಟ್ಟರು.

ಆ ಹನ್ನೊಂದು ದಿನದಿಂದ ಏನಾದರೂ ಹೆಚ್ಚುಕಡಿಮೆ ಆಯಿತೇ? ಡಾಕ್ಟರನ್ನು ಕೇಳಿದೆ. "ಹೇಳಕ್ಕಾಗಲ್ಲ ಸಾರ್. ಅದನ್ನೇ ಯೋಚನೆ ಮಾಡ್ಬೇಡಿ" ಅಂದರು. ನಾನು ಅದನ್ನೇ ಯೋಚನೆ ಮಾಡುತ್ತೇನೆ.

ಮಹಾದೇವಿಗೆ ಇದೆಲ್ಲ ಹೇಗೆ ಗೊತ್ತಿತ್ತು? ಆವತ್ತೇ ಕೇಳಿದ್ದೆ. ಜಯನಗರದಲ್ಲಿ ರಿಟೈರ್ ಆದ ನರ್ಸಿಂಗ್ ಟೀಚರೊಬ್ಬರು ತಿಂಗಳಿಗೊಂದು ಭಾನುವಾರ ಕ್ಯಾನ್ಸರ್ ವಾರ್ಡಿನ ನರ್ಸ್‌ಗಳಿಗೆ ಕ್ಲಾಸ್ ತೆಗೆದುಕೊಳ್ಳುತ್ತಾರಂತೆ. ಹೊಸ ಮದ್ದುಗಳು ಯಾವುವು, ಯಾವುದು ಯಾರಿಗೆ, ಏನಾದರೆ ಹೆದರಬೇಕು, ಏನಾದರೆ ಹೆದರಬಾರದು. ಆ ವಾರ್ಡಿನಿಂದ ಆಗ ಹೋಗುತ್ತಿದ್ದವರು ಮಹಾದೇವಿ ಒಬ್ಬರೇ. ಅದೂ ತಮ್ಮ ವಾರದ ರಜೆಯಲ್ಲಿ.

ನನಗೆ ಸಿಟ್ಟು ಬರುವುದು ಇಲ್ಲೇ. ಮದ್ದು ವರ್ಷ ವರ್ಷ ಬದಲಾಗುತ್ತಿದೆ. ಡಾಕ್ಟರಿಗೆ ಕಾನ್ಫರೆನ್ಸ್ ಇದೆ, ಎರಡು ದಿನ ಹೋಟೆಲ್ ವಾಸ ಇದೆ, ವಾಪಸು ಬರುವಾಗ ಕೈಗೊಂದು ಬ್ಯಾಗ್ ಇದೆ. ನರ್ಸಿಗೆ? ಕೋರ್ಸ್ ಮುಗಿಸಿದಾಗ ಇಲ್ಲದೇ ಇದ್ದ ಮದ್ದನ್ನು ಆಕೆ ಎಲ್ಲಿ ಕಲಿಯಬೇಕು? ಡಾಕ್ಟರು ರೋಗಿಯನ್ನು ನೋಡುವುದು ಐದು ನಿಮಿಷ. ಮಿಕ್ಕ ಹೊತ್ತೆಲ್ಲ ನಾವು ಕೇಳುವುದು ಸಿಸ್ಟರ್‌ಗಳನ್ನೇ. ಹಾಗಿರುವಾಗ ಅವರ ಓದು ಅವರ ಬಟ್ಟೆ ಒಗೆಯುವ ಭಾನುವಾರದಲ್ಲಿ ನಡೆಯಬೇಕೇ?

ಇಷ್ಟನ್ನೂ ಕಳೆದ ಭಾನುವಾರ ಆ ಕ್ಲಾಸಿನಲ್ಲೇ ಹೇಳಿದೆ. ಮಹಾದೇವಿಯೇ ಕರೆದಿದ್ದರು. "ಪುಸ್ತಕದಾಗ ಓದೂದಕ್ಕಿಂತ ನಿಮ್ಮ ಬಾಯಿಲೇ ಕೇಳಿದ್ರ ಮನಸಿಗೆ ಹತ್ತೈತ್ರಿ ಸರ್" ಅಂದಿದ್ದರು. ಮಹಡಿ ಮೇಲಿನ ಸಣ್ಣ ಕೋಣೆ. ಇಪ್ಪತ್ತು ಜನ ಇದ್ದರೇನೋ. ನೈಟ್ ಡ್ಯೂಟಿ ಮುಗಿಸಿ ನೇರ ಬಂದ ಕೆಲವರ ಕಣ್ಣು ಎಳೆಯುತ್ತಿತ್ತು. ನಾನು ಭಾವನ ಕತೆ ಹೇಳಿದೆ. ಫೋನ್ ಎತ್ತಿದ ನರ್ಸಿಗೆ ಮಾತ್ರೆಯ ಬಗ್ಗೆ ಗೊತ್ತಿರಲಿಲ್ಲ, ನಿಲ್ಲಿಸಿ ಅಂದುಬಿಟ್ಟರು, ಅವರ ತಪ್ಪಲ್ಲ, ಅವರಿಗೆ ಕಲಿಸದವರ ತಪ್ಪು ಅಂದೆ. ಬಹಳ ಉದಾರವಾಗಿಯೇ ಅಂದೆ. ಒಂದಿಬ್ಬರು ಕಣ್ಣೊರೆಸಿಕೊಂಡರು.

ಎಲ್ಲರೂ ಎದ್ದ ಮೇಲೆ ತೆಳ್ಳಗಿನ ಹುಡುಗಿಯೊಬ್ಬಳು ಹತ್ತಿರ ಬಂದಳು. ದನಿ ಕೇಳಿದ ಕೂಡಲೇ ಗುರುತು ಸಿಕ್ಕಿತು.

"ಸಾರ್, ಆವತ್ತು ಫೋನ್ ಎತ್ತಿದ್ದು ನಾನೇ."

ಇದು ನಿಮ್ಮ ತಪ್ಪಲ್ಲಮ್ಮ ಅಂತ ಮತ್ತೊಮ್ಮೆ ಹೇಳಲು ಬಾಯಿ ತೆರೆದೆ. ಅವಳೇ ಮುಂದುವರಿಸಿದಳು. ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ.

"ಮಾರನೇ ದಿನ ಡಾಕ್ಟ್ರನ್ನ ಕೇಳಿ ಇಟ್ಕೊಂಡಿದ್ದೆ ಸಾರ್. ಮಾತ್ರೆ ನಿಲ್ಸೋದು ಬೇಡ, ಕರ್ಕೊಂಡು ಬರಕ್ಕೆ ಹೇಳು ಅಂದಿದ್ರು. ನೀವು ಮತ್ತೆ ಫೋನ್ ಮಾಡ್ಲೇ ಇಲ್ಲ. ಎರಡು ದಿನ ಕಾದೆ. ಹೆಸ್ರೂ ಕೇಳಿರ್ಲಿಲ್ಲ, ನಂಬರೂ ತಗೊಂಡಿರ್ಲಿಲ್ಲ. ಅದು ನನ್ ತಪ್ಪು."

ನಾಳೆ ಮತ್ತೆ ಫೋನ್ ಮಾಡಿ. ಹೌದು, ಹೇಳಿದ್ದಳು. ಮೇಲೆ ನಾನೇ ಬರೆದಿದ್ದೇನೆ, ನೋಡಿ. ಆ ನಾಳೆ ನಾನು ಎಲ್ಲಿದ್ದೆ? ಬಾಗಿಲಿಗೆ ಬೇವು ಕಟ್ಟುತ್ತಿದ್ದೆ.

ಅವಳು ಬ್ಯಾಗಿನಿಂದ ಒಂದು ಪುಟ್ಟ ನೋಟ್‌ಬುಕ್ ತೆಗೆದು ತೋರಿಸಿದಳು. ಪುಟ ಪುಟದಲ್ಲೂ ಹೆಸರು, ಫೋನ್ ನಂಬರು, ಮಾತ್ರೆಯ ಹೆಸರು.

"ಆವತ್ತಿಂದ ಯಾರೇ ಫೋನ್ ಮಾಡಿದ್ರೂ ಬರ್ಕೋತೀನಿ ಸಾರ್. ಅವ್ರು ಮತ್ತೆ ಮಾಡ್ಲಿಲ್ಲ ಅಂದ್ರೆ ನಾನೇ ಮಾಡ್ತೀನಿ. ಈ ಕ್ಲಾಸಿಗೂ ಆಮೇಲೇ ಸೇರ್ಕೊಂಡೆ."

ಒಂದೇ ತಪ್ಪಿನಿಂದ ಆ ಹುಡುಗಿ ಕಲಿತದ್ದು ಇಷ್ಟು. ನಾನು ಕಲಿತದ್ದು ಒಂದು ಭಾಷಣ.