ಈರಕ್ಕನ ಕರಿ ಎತ್ತು

ಈರಕ್ಕ, ನಿನ್ನ ಕರಿ ಎತ್ತನ್ನು ನರಸಪ್ಪನ ಹೆಸರಿಗೆ ಬರೆದವನು ನಾನೇ. ಕೈತಪ್ಪಿ ಅಲ್ಲ — ಗೊತ್ತಿದ್ದೇ ಬರೆದೆ.

ಆದೋನಿ ಸೀಮೆ ಆಂಧ್ರಕ್ಕೆ ಸೇರಿದ ಹೊಸತು. ಆಸ್ಪರಿ ಕಡೆಯ ನಿಮ್ಮೂರಿಗೆ ನಾನು ಗ್ರಾಮಸೇವಕ. ಬಡ ಒಕ್ಕಲಿನ ವರಮಾನ ಏರಲಿ ಎಂದು ಸರ್ಕಾರ ಒಳ್ಳೆಯ ಶೇಂಗಾ ಬೀಜ, ಕಬ್ಬಿಣದ ನೇಗಿಲು ಕೊಡುತ್ತಿತ್ತು. ಷರತ್ತು ಒಂದೇ — ಮನೆಯಲ್ಲಿ ಜೋಡಿ ಎತ್ತಿರಬೇಕು. ಜೋಡಿ ಎತ್ತಿದ್ದವನು ಬಡವ ಹೇಗಾದಾನು ಎಂದು ಆ ಪುಣ್ಯಾತ್ಮರನ್ನು ಕೇಳುವವರು ಯಾರು!

ನರಸಪ್ಪನನ್ನು ಕೇಳಿದೆ. "ಜೋಡಿ ಅದಾವ್ರಿ" ಎಂದ. ಪಕ್ಕದ ಮನೆಯ ನಿನ್ನನ್ನು ಕೇಳಿದೆ. "ನಮ್ಮವೂ ಜೋಡಿ ಅದಾವ ಸಾಮೀ" ಎಂದೆ ನೀನು. ಇಬ್ಬರೂ ಸುಳ್ಳಾಡಿರಲಿಲ್ಲ. ಅವನದೊಂದು ಬಿಳಿ ಎತ್ತು, ಗಂಡ ಸತ್ತ ಮೇಲೆ ನಿನಗುಳಿದದ್ದೊಂದು ಕರಿ ಎತ್ತು. ಎರಡನ್ನೂ ಒಂದೇ ನೊಗಕ್ಕೆ ಹೂಡಿ, ಮುಯ್ಯಿಯಲ್ಲಿ ಇಬ್ಬರ ಹೊಲವನ್ನೂ ಉಳುತ್ತಿದ್ದಿರಿ. ನಿಮ್ಮ ಮಾತಿನಲ್ಲಿ ಆ ಜೋಡಿ ಎರಡೂ ಮನೆಯದು. ತೆಲುಗು ಅರ್ಜಿಯಲ್ಲಿ ಒಬ್ಬನೇ ಒಡೆಯನಿಗೆ ಜಾಗವಿತ್ತು.

ಮೇಲಿನವರಿಗೆ ತಿಳಿಸಬಹುದಿತ್ತು. ತಿಳಿಸಲಿಲ್ಲ. ನರಸಪ್ಪನ ಹೊಲ ರಸ್ತೆಗೆ ಹತ್ತಿಕೊಂಡಿತ್ತು — ಸಾಹೇಬರು ಜೀಪಿನಿಂದ ಇಳಿಯದೆಯೇ ಬೆಳೆ ನೋಡಬಹುದಿತ್ತು. ಇಷ್ಟೇ ಕಾರಣ.

ಶೇಂಗಾ ಚೆನ್ನಾಗಿಯೇ ಬಂತು. ಕಾಗದದಲ್ಲಿ ಜೋಡಿ ತನ್ನ ಹೆಸರಿಗಿದೆಯೆಂದು ನರಸಪ್ಪ ಎರಡೂ ಎತ್ತು ಮಾರಿ ಹೊಸ ಜೋಡಿ ತಂದ. ನೀನು ಅಳುತ್ತ ಚಾವಡಿಗೆ ಬಂದೆ. ಹಿರಿಯರು ನನ್ನನ್ನು ಕೇಳಿದರು — ಕರಿ ಎತ್ತು ಯಾರದು?

"ಕಾಗದದಾಗ ಏನೈತಿ, ಅದೇ ಖರೆ" ಎಂದೆ. ಥೂ, ನನ್ನ ನಾಲಿಗೆಗೆ...

ಎತ್ತಿಲ್ಲದೆ ನಿನ್ನ ಹೊಲ ಬೀಳುಬಿತ್ತು. ಒಂದು ಮನೆ ಬಡತನದಿಂದ ಮೇಲೆದ್ದಿತೆಂದು ನಾನು ವರದಿ ಕಳಿಸಿದೆ. ನಿನ್ನ ಮನೆಯ ಬಗ್ಗೆ ಯಾರೂ ಕೇಳಲಿಲ್ಲ, ನಾನೂ ಬರೆಯಲಿಲ್ಲ. ನೀನು ಆದೋನಿಯ ಹತ್ತಿ ಮಿಲ್ಲಿಗೆ ಕೂಲಿಗೆ ಹೋದೆಯಂತೆ.

ಎರಡು ವರ್ಷದ ಮೇಲೆ ಅದೇ ಮಿಲ್ಲಿನ ಮುಂದೆ ನೀನು ಸಿಕ್ಕೆ. ತಲೆಯ ತುಂಬ ಹತ್ತಿಯ ಧೂಳು. ಮುಖ ತಪ್ಪಿಸಿ ಹೋಗೋಣವೆಂದರೆ — ನೀನೇ ಕರೆದೆ. ತಪ್ಪು ಬರೆದವನು ಯಾವನೋ ಆಫೀಸಿನ ಗುಮಾಸ್ತ ಎಂದೇ ನೀನು ನಂಬಿದ್ದೆ.

"ಸಾಮೀ, ನಿಮ್ಮ ನೌಕರಿ ಖಾಯಂ ಆತೇನ್ರಿ?"

"ಆತು."

"ಚಲೋ ಆತು ಬಿಡ್ರಿ. ಬಿಸಲಾಗ ಭಾಳ ತಿರುಗ್ಯಾಡಿದ್ರಿ ನಮ್ಮ ಸಲುವಾಗಿ."

ಹೇಳುವುದಿದ್ದರೆ ಅದೇ ಹೊತ್ತು. ನಾನು ಸೈಕಲ್ ಹತ್ತಿದೆ. ಈಗ ನೀನೇ ಇಲ್ಲ, ಈರಕ್ಕ — ಇದನ್ನು ಕೇಳಿ ನನ್ನನ್ನು ಬೈಯಬೇಕಾದವಳು ನೀನೊಬ್ಬಳೇ ಇದ್ದೆ.