ರಾಹುಕಾಲಕ್ಕೆ ಮುಂಚೆ ಸ್ಟಾರ್ಟ್ ಮಾಡಿದ ಟರ್ಬೊ

ಗಾಡಿ ಆಫ್ ಮಾಡಿದ್ದೀರಿ. ಕೀಲಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದೀರಿ. ಆದರೂ ಎಂಜಿನ್ ನಿಲ್ಲುತ್ತಿಲ್ಲ. ನಿಲ್ಲುವುದಿರಲಿ, ಇನ್ನೂ ಜೋರಾಗಿ ಕಿರುಚುತ್ತಿದೆ. ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯಾ? ನನಗಾಗಿದೆ. ತಪ್ಪು ಗಾಡಿಯದಲ್ಲ, ನನ್ನದು.

ಹೋದ ವರ್ಷ ಮದುವೆ ಸೀಸನ್ ಶುರುವಾಗುತ್ತಿದ್ದ ಹೊತ್ತು. ನನ್ನದು ನ್ಯಾಮತಿಯಲ್ಲಿ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಕಬ್ಬಿಣದ ಪೈಪು, ಕುರ್ಚಿ, ಕೊಪ್ಪರಿಗೆ ಎಲ್ಲವನ್ನೂ ನಮ್ಮ ಹಳೇ ಡೀಸೆಲ್ ಪಿಕಪ್ಪಿನಲ್ಲೇ ಹೇರುತ್ತೇವೆ. ಅದು ಏರು ಕಂಡರೆ ಸಾಕು, ಎರಡನೇ ಗೇರಿಗೆ ಬಂದು ನರಳುತ್ತಿತ್ತು. ಜಗಳೂರಿನ ನನ್ನ ಬಾಮೈದ ಒಮ್ಮೆ ಪಕ್ಕದಲ್ಲಿ ಕೂತು ಬಂದವನು, "ಮಾವ, ನೀವು ಹೋಗಿ ಮುಟ್ಟೋದ್ರಾಗೆ ಮದ್ವೆ ಹುಡುಗಂಗೆ ಮಕ್ಕಳಾಗಿರ್ತಾವೆ" ಎಂದ. ಅವನೇ ಹುಡುಕಿ ಕೊಟ್ಟದ್ದು, ಹಳೆಯದಕ್ಕಿಂತ ದೊಡ್ಡ ಟರ್ಬೊ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಟರ್ಬೊ ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ, ಬಸವನಹುಳುವಿನ ಆಕಾರದ ಸಾಮಾನು. ಗಾಳಿ ಹೆಚ್ಚಾದರೆ ಎಳೆಯುವ ಶಕ್ತಿ ಹೆಚ್ಚು.

ಕೂರಿಸಲು ಒಪ್ಪಿಕೊಂಡವರು ಹೊನ್ನಾಳಿಯ ಮೆಕ್ಯಾನಿಕ್ ಹಾಲೇಶಣ್ಣ. ಐವತ್ತೈದರ ಆಸುಪಾಸಿನ ಮನುಷ್ಯ, ಮಾತು ಕಮ್ಮಿ. ಚನ್ನಗಿರಿ ಕಡೆಯಿಂದಲೂ ಅವರ ಗ್ಯಾರೇಜಿಗೆ ಟ್ರ್ಯಾಕ್ಟರು ಬರುತ್ತವೆ ಎಂದರೆ ಅವರ ಹೆಸರು ಎಂಥದ್ದು ಎಂದು ತಿಳಿದುಕೊಳ್ಳಿ.

ಶುಕ್ರವಾರ ಬೆಳಿಗ್ಗೆ ಆರಕ್ಕೇ ಕೆಲಸ ಶುರುವಾಯಿತು. ಹತ್ತೂಕಾಲಿಗೆ ಕೊನೆಯ ಬೋಲ್ಟ್ ಬಿಗಿಯಾಯಿತು. ನಾನು ನಿಂಬೆಹಣ್ಣು, ಕುಂಕುಮ, ಊದಿನಕಡ್ಡಿ ಎಲ್ಲ ತಂದಿಟ್ಟಿದ್ದೆ. ಶುಕ್ರವಾರ ಹತ್ತೂವರೆಗೆ ರಾಹುಕಾಲ ಹತ್ತುತ್ತದೆ. ಅಷ್ಟರೊಳಗೆ ಗಾಡಿ ಸ್ಟಾರ್ಟ್ ಆಗಬೇಕು ಅನ್ನುವುದು ನನ್ನ ಹಟ.

"ಈಗ್ಲೇ ಆಗಂಗಿಲ್ಲ ಶಾಮಿಯಾನ್ದೋರೆ" ಎಂದರು ಹಾಲೇಶಣ್ಣ. "ಹೊಸ ಟರ್ಬೊ ಒಳಗೆ ಒಣಗೈತೆ, ಆಯಿಲ್ ಇಲ್ದೆ ತಿರುಗಿದ್ರೆ ತೇದು ಹೋಗ್ತೈತೆ. ಡೀಸೆಲ್ ಬಂದ್ ಮಾಡಿ, ಬರೀ ಸೆಲ್ಫ್ ಹೊಡೆದು, ಈ ಕೆಳಗಿನ ಪೈಪ್ನಾಗೆ ಆಯಿಲ್ ಇಳಿಯಾದು ನೋಡಬೇಕು. ಆಮೇಲೆ ಸ್ಟಾರ್ಟು."

"ಎಷ್ಟೊತ್ತಾಗ್ತೈತೆ?"

"ಅರ್ಧ ತಾಸು."

"ಹಂಗಾದ್ರೆ ರಾಹುಕಾಲ ಬಂದುಬಿಡ್ತೈತಲ್ಲಣ್ಣ."

"ಹನ್ನೆರಡರ ಮೇಲೆ ಮಾಡಾನ ಬಿಡ್ರಿ. ಗಾಡಿ ಎಲ್ಲೂ ಓಡಿ ಹೋಗಲ್ಲ."

ಹನ್ನೆರಡರವರೆಗೆ ಕಾಯಲು ನನಗೆ ಪುರುಸೊತ್ತಿರಲಿಲ್ಲ. ಮಾರನೇ ದಿನ ತ್ಯಾವಣಿಗೆಯಲ್ಲಿ ಮದುವೆ, ಸಂಜೆಯೊಳಗೆ ಅಲ್ಲಿ ಚಪ್ಪರ ಏಳಬೇಕಿತ್ತು. ಹಾಲೇಶಣ್ಣ ಆಯಿಲ್ ಹಿಡಿಯಲು ಡಬ್ಬ ತರುತ್ತೇನೆಂದು ಹಿಂದಿನ ಶೆಡ್ಡಿಗೆ ಹೋದರು. ನಾನು ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟೆ, ಬಾನೆಟ್ಟಿಗೆ ಕುಂಕುಮ ಹಚ್ಚಿದೆ, ಮೊಬೈಲನ್ನು ಸ್ಟೇರಿಂಗಿನ ಹಿಂದೆ ನಿಲ್ಲಿಸಿ ರೆಕಾರ್ಡಿಂಗ್ ಒತ್ತಿದೆ. ಮಿರ್ಚಿ ಮಂಡಕ್ಕಿ ತಿಂದರೂ ಪೋಸ್ಟ್ ಹಾಕುವವನು ನಾನು, ಇದನ್ನು ಬಿಡುತ್ತೇನೆಯೇ? ದೇವರ ಹೆಸರು ಹೇಳಿ ಕೀಲಿ ತಿರುಗಿಸಿದೆ.

ಒಂದೇ ಏಟಿಗೆ ಸ್ಟಾರ್ಟ್. ಟರ್ಬೊದ ಶಿಳ್ಳೆ ಕೇಳಿ ಮೈ ಜುಮ್ಮೆಂದಿತು. ವಿಡಿಯೋದಲ್ಲಿ ಚೆನ್ನಾಗಿ ಕೇಳಲಿ ಎಂದು ಎರಡು ಮೂರು ಸಲ ಜೋರಾಗಿ ರೇಸ್ ಬೇರೆ ಕೊಟ್ಟೆ. ಶೆಡ್ಡಿನಲ್ಲಿ ವೆಲ್ಡಿಂಗ್ ಮೆಷಿನ್ನಿನ ಗದ್ದಲ ಇದ್ದುದರಿಂದ ಹಾಲೇಶಣ್ಣನಿಗೆ ತಕ್ಷಣ ಗೊತ್ತಾಗಲಿಲ್ಲ. ಡಬ್ಬ ಕೈಯಲ್ಲಿ ಹಿಡಿದು ಈಚೆ ಬಂದವರೇ ಓಡಿ ಬಂದು ಆಫ್ ಮಾಡಿದರು.

"ಯಾರ್ರೀ ಹೇಳಿದ್ದು ನಿಮ್ಗೆ ಸ್ಟಾರ್ಟ್ ಮಾಡಾಕೆ?"

"ಟೈಮಾಗ್ತಿತ್ತಲ್ಲಣ್ಣ."

"ಎಷ್ಟೊತ್ತು ಓಡಿಸಿದ್ರಿ?"

ಅವರ ಮುಖ ನೋಡಿ ಹೆದರಿಕೆಯಾಯಿತು. "ಈಗ್ಲೇ. ಎರಡು ಸೆಕೆಂಡ್ ಆಗಿರಬೇಕು" ಎಂದೆ. ಓಡಿದ್ದು ಒಂದು ನಿಮಿಷದ ಮೇಲೆ.

"ಎರಡೇ ಸೆಕೆಂಡಾ? ರೇಸ್ ಕೊಟ್ಟಿಲ್ಲ ತಾನೆ?"

"ಇಲ್ಲಣ್ಣ."

ಅವರು ಕೂತು, ತಮ್ಮ ಪದ್ಧತಿಯಂತೆ ಕೆಳಗಿನ ಪೈಪು ಬಿಚ್ಚಿ, ಸೆಲ್ಫ್ ಹೊಡೆಸಿ, ಆಯಿಲ್ ಇಳಿಯುವುದನ್ನು ನೋಡಿ ಮತ್ತೆ ಕಟ್ಟಿದರು. ಸ್ಟಾರ್ಟ್ ಮಾಡಿದಾಗ ಶಬ್ದ ಸರಿಯಾಗೇ ಇತ್ತು. ನಾನೂ ನಿರಾಳನಾದೆ.

ಹಾಲೇಶಣ್ಣ ಖಾಲಿ ಗಾಡಿಯನ್ನು ಎಂದೂ ಟೆಸ್ಟ್ ಮಾಡುವುದಿಲ್ಲ. ಲೋಡ್ ಹಾಕಿ, ಗಿರಾಕಿ ಕೈಯಲ್ಲೇ ಓಡಿಸಿ, ತಾವು ಪಕ್ಕದಲ್ಲಿ ಕೂತು ಕಿವಿಗೊಟ್ಟು ಕೇಳುತ್ತಾರೆ. ನ್ಯಾಮತಿಗೆ ಹೋಗಬೇಕಿದ್ದ ಇಪ್ಪತ್ತು ಚೀಲ ಸಿಮೆಂಟನ್ನು ಪಕ್ಕದ ಅಂಗಡಿಯವರು ಕೊಟ್ಟರು. ಹೇರಿಕೊಂಡು ಹೊರಟೆವು.

ಮೊದಲ ನಾಲ್ಕೈದು ಕಿಲೋಮೀಟರ್ ನಾನು ರಾಜ. ಮೂರನೇ ಗೇರಿನಲ್ಲಿ ಸರಸರ ಎಳೆಯಿತು. ಮುಂದೆ ಒಂದು ಏರು ಬಂತು. ಅರ್ಧ ಹತ್ತಿರಬೇಕು, ಶಿಳ್ಳೆಯ ಜೊತೆಗೆ ತಗಡು ಕೆರೆದ ಹಾಗೆ ಸದ್ದು. ಹಾಲೇಶಣ್ಣ, "ಸೈಡಿಗೆ ಹಾಕ್ರಿ, ಸೈಡಿಗೆ" ಎಂದರು. ಎಡಕ್ಕೆ ತಂದು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್ ಮಾಡಿದೆ. ಪೆಡಲಿನಿಂದ ಕಾಲು ತೆಗೆದಿದ್ದೆ. ಆದರೂ ಎಂಜಿನ್ ತನ್ನಷ್ಟಕ್ಕೆ ತಾನೇ ರೇಸ್ ಆಗತೊಡಗಿತು. ಹಿಂದಿನಿಂದ ದಟ್ಟ ಹೊಗೆ. ಕೀಲಿ ಆಫ್ ಮಾಡಿದೆ. ನಿಲ್ಲಲಿಲ್ಲ. ಕೀಲಿಯನ್ನೇ ಕಿತ್ತೆ. ಆಗಲೂ ನಿಲ್ಲಲಿಲ್ಲ. ಇಡೀ ಕ್ಯಾಬಿನ್ ನಡುಗುತ್ತಿತ್ತು.

"ಡೀಸೆಲ್ ಅಲ್ಲ, ಟರ್ಬೊ ಸೀಲ್ ಹೋಗಿ ಎಂಜಿನ್ ತನ್ನ ಆಯಿಲ್ ತಾನೇ ಕುಡೀತೈತೆ" ಎಂದು ಕೂಗಿದರು ಹಾಲೇಶಣ್ಣ. "ಬ್ರೇಕ್ ಒತ್ತಿ ಹಿಡೀರಿ. ಟಾಪ್ ಗೇರಿಗೆ ಹಾಕಿ ಕ್ಲಚ್ ಬಿಡ್ರಿ, ಎಂಜಿನ್ ಕಟ್ಟಿ ನಿಲ್ತೈತೆ."

ನಾನೇನು ಮಾಡಿದೆ ಗೊತ್ತಾ? ಬಾಗಿಲು ತೆಗೆದು ಹಾರಿದೆ. ಕೀಲಿ ಹಿಡಿದುಕೊಂಡು ಇಪ್ಪತ್ತು ಹೆಜ್ಜೆ ಓಡಿ, ಮೋರಿ ಕಟ್ಟೆಯ ಹತ್ತಿರ ನಿಂತು ತಿರುಗಿ ನೋಡಿದೆ. ಹೊಗೆಯೊಳಗೆ ಹಾಲೇಶಣ್ಣ ನನ್ನ ಸೀಟಿಗೆ ಸರಿದು ಕೂತಿದ್ದರು. ಎಂಜಿನ್ ಒಡೆದರೆ ಚೂರುಗಳು ಎಲ್ಲಿಗೆ ಬೇಕಾದರೂ ಹಾರುತ್ತವೆ, ಬೆಂಕಿಯೂ ಹತ್ತಬಹುದು. ಆ ಮನುಷ್ಯ ಬ್ರೇಕನ್ನು ಬಲವಾಗಿ ಒತ್ತಿ ಹಿಡಿದು, ಗೇರ್ ಹಾಕಿ, ಕ್ಲಚ್ ಬಿಟ್ಟರು. ಗಾಡಿ ಒಮ್ಮೆ ಮುಗ್ಗರಿಸಿ ದಡ್ಡನೆ ನಿಂತಿತು. ಎಂಜಿನ್ ಸತ್ತಿತು. ಅವರು ಕೆಮ್ಮುತ್ತಾ ಇಳಿದು ಬಂದು ಕಟ್ಟೆಯ ಮೇಲೆ ಕೂತರು.

ಹಿಂದೆ ನಿಂತಿದ್ದ ಬೈಕಿನವನೊಬ್ಬ ಎಲ್ಲವನ್ನೂ ವಿಡಿಯೋ ಮಾಡಿದ್ದ. ಸಂಜೆಯೊಳಗೆ ಊರಿನ ಗ್ರೂಪುಗಳಲ್ಲೆಲ್ಲ ಅದೇ. ಕೆಳಗೆ ಬರೆದದ್ದು: "ಹೊನ್ನಾಳಿ ಹಾಲೇಶನ ಗ್ಯಾರೇಜಿನ ಕೆಲಸ ನೋಡಿ. ಗಾಡಿ ಕೊಡೋರು ಹುಷಾರು."

ಗಾಡಿಯನ್ನು ವಾಪಸ್ ಗ್ಯಾರೇಜಿಗೆ ಎಳೆಸಿ, ತ್ಯಾವಣಿಗೆಯ ಸಾಮಾನನ್ನು ಪಕ್ಕದ ಮನೆಯವರ ಟ್ರ್ಯಾಕ್ಟರಿನಲ್ಲಿ ಸಾಗಿಸಿ ಮದುವೆ ಮುಗಿಸಿದೆ. ಆದರೆ ಆ ವಿಡಿಯೋ ನೋಡಿಯೂ ಸುಮ್ಮನಿದ್ದೆ. ಎಲ್ಲದಕ್ಕೂ ಬಾಯಿ ಹಾಕುವ ನಾನು ಮೂರು ದಿನ ಒಂದಕ್ಷರ ಬರೆಯಲಿಲ್ಲ. "ಯಾಕ್ರಿ, ಮೊಬೈಲ್ ಕೆಟ್ಟೈತಾ?" ಎಂದು ಹೆಂಡತಿಯೇ ಕೇಳಿದಳು.

ನಾಲ್ಕನೇ ದಿನ ಗ್ಯಾರೇಜಿಗೆ ಹೋದೆ. ಆ ಹೊತ್ತಿಗೆ, ವಿಡಿಯೋ ನೋಡಿ ಹೆದರಿದ ಕತ್ತಲಗೆರೆಯವರೊಬ್ಬರು ರಿಪೇರಿಗೆ ಬಿಟ್ಟಿದ್ದ ಟ್ರ್ಯಾಕ್ಟರನ್ನು ಬಿಚ್ಚಿದ್ದು ಬಿಚ್ಚಿದ ಹಾಗೇ ಎಳೆಸಿಕೊಂಡು ಹೋಗುತ್ತಿದ್ದರು. ಹಾಲೇಶಣ್ಣ ಅವರ ಸಾಮಾನನ್ನು ಚೀಲಕ್ಕೆ ತುಂಬಿ, ಹಗ್ಗ ಕಟ್ಟಿ, ತಾವೇ ಟ್ರೈಲರಿಗೆ ಎತ್ತಿಟ್ಟರು. ಅವರು ಹೋದ ಮೇಲೆ ನನ್ನ ಟರ್ಬೊದ ಒಳಗೆ ತಿರುಗುವ ಕಬ್ಬಿಣದ ಕಡ್ಡಿಯನ್ನು ತಂದು ಮುಂದೆ ಇಟ್ಟರು. ಅದು ಕಾದು ಕಾದು ನೀಲಿಯಾಗಿತ್ತು, ಉದ್ದಕ್ಕೂ ಗೀರು.

"ಇದು ಎರಡು ಸೆಕೆಂಡಿನ ಗೀರಲ್ಲ" ಎಂದರು. ಅಷ್ಟೇ.

ಅಲ್ಲೇ ಸ್ಟೂಲಿನ ಮೇಲೆ ಕೂತು ನನ್ನ ಮೊಬೈಲಿನಲ್ಲಿದ್ದ ಪೂರ್ತಿ ವಿಡಿಯೋ ಪೋಸ್ಟ್ ಮಾಡಿದೆ. ದೇವರ ಹೆಸರು, ಶಿಳ್ಳೆ, ರೇಸು, ನನ್ನ ಹಲ್ಲುಕಿರಿತ, ರೆಕಾರ್ಡಿಂಗ್ ನಿಲ್ಲಿಸಲು ಮರೆತಿದ್ದರಿಂದ ಆಮೇಲೆ ಹೇಳಿದ ಸುಳ್ಳು, ಎಲ್ಲ ಅದರಲ್ಲಿತ್ತು. ಕೆಳಗೆ ಬರೆದೆ: ತಪ್ಪು ಹಾಲೇಶಣ್ಣಂದಲ್ಲ, ನಂದು. ಬೈಕಿನವನ ವಿಡಿಯೋ ಹೋದ ಗ್ರೂಪಿಗೆಲ್ಲ ಇದನ್ನೂ ಕಳಿಸಿದೆ. ಜನ ಉಗಿದದ್ದನ್ನು ಇಲ್ಲಿ ಬರೆಯುವುದಕ್ಕಾಗುವುದಿಲ್ಲ. ಟ್ರ್ಯಾಕ್ಟರಿನವರು ವಾರದ ಮೇಲೆ ವಾಪಸು ಬಂದರು. ಎಲ್ಲ ಗಿರಾಕಿಗಳೂ ಬಂದರು ಎಂದರೆ ಸುಳ್ಳಾಗುತ್ತದೆ.

ಎಂಜಿನ್ ಅದೃಷ್ಟಕ್ಕೆ ಉಳಿದಿತ್ತು. ಹಳೇ ಟರ್ಬೊವನ್ನೇ ಮತ್ತೆ ಕೂರಿಸಿದ ದಿನ ಹಾಲೇಶಣ್ಣನಿಗೆ ಕೇಳಿದೆ, "ಅಣ್ಣ, ಪೋಸ್ಟ್ ನೋಡಿದ್ರಾ?"

"ಮಗಳು ತೋರಿಸಿದ್ಲು" ಎಂದರು, ಕೈ ಒರೆಸಿಕೊಳ್ಳುತ್ತಾ. "ಟರ್ಬೊ ಹೋದ್ರೆ ಇನ್ನೊಂದು ಬರ್ತೈತೆ. ಹೆಸರು ಹೋದ್ರೂ ನಿಧಾನಕ್ಕೆ ಬರ್ತೈತೆ. ಅದಲ್ಲ ನಾನು ಹೇಳಾದು. ಒಂದು ನಿಮಿಷ ಓಡೈತೆ ಅಂತ ಅವತ್ತೇ ಹೇಳಿದ್ರೆ ಟರ್ಬೊ ಬಿಚ್ಚಿ ನೋಡ್ತಿದ್ದೆ. ಲೋಡ್ ಹಾಕಿ ನಿಮ್ಮನ್ನ ಅದ್ರಾಗೆ ಕೂರಿಸ್ತಿರಲಿಲ್ಲ. ನಾನೂ ಕೂರ್ತಿರಲಿಲ್ಲ. ನಿಮ್ಮ ಮಾತು ನಂಬಿ ಹತ್ತಿದ್ದು ಕಣ್ರೀ ನಾನು."

ಆ ಏರಿನಲ್ಲಿ ಹೋಗುವಾಗೆಲ್ಲ ನನಗೆ ಹೊಗೆ ನೆನಪಾಗುವುದಿಲ್ಲ. ನಾನು ಓಡಿದ ಆ ಇಪ್ಪತ್ತು ಹೆಜ್ಜೆ ನೆನಪಾಗುತ್ತದೆ.

ಬೈಸಿಕೊಳ್ಳಬೇಕಾಗುತ್ತದೆ ಎಂದು ಹೆದರಿ ನೀವೂ ಮೆಕ್ಯಾನಿಕ್ಕಿಗೋ, ಡಾಕ್ಟರಿಗೋ, ಕರೆಂಟ್ ಲೈನಿನವರಿಗೋ ಒಂದು ಸಣ್ಣ ಸುಳ್ಳು ಹೇಳಿರುತ್ತೀರಿ. ಅದನ್ನು ನಂಬಿ ಅವರು ಎಲ್ಲಿಗೆ ಕೈ ಹಾಕಿದರು, ಆಮೇಲೆ ಏನಾಯಿತು? ಮುಚ್ಚಿಡದೆ ಕೆಳಗೆ ಬರೆಯಿರಿ. ನನ್ನದು ಬರೆದಾಯಿತಲ್ಲ, ನಿಮಗೇನು ನಾಚಿಕೆ.